ಆಟ ಕಲಿಸುವವನ ಮನೆ

1980ರ ದಶಕ. ಇಂಗ್ಲೆಂಡಿನ ಕ್ರೂ ಪಟ್ಟಣದ ಫುಟ್‌ಬಾಲ್ ಕ್ಲಬ್ಬಿನಲ್ಲಿ ಬ್ಯಾರಿ ಬೆನೆಲ್ ಎಂಬ ಕೋಚ್ ಇದ್ದ. ಅವನ ಮನೆಯಲ್ಲಿ ಪೂಲ್ ಟೇಬಲ್, ನಾಣ್ಯ ಹಾಕಿ ಆಡುವ ಯಂತ್ರ, ಹೆಗಲೇರಿ ಕೂರುವ ಪುಟ್ಟ ಕೋತಿ. ಹುಡುಗರಿಗೆ ಇನ್ನೇನು ಬೇಕು? ರಾತ್ರಿ ಅಲ್ಲೇ ಉಳಿಯುತ್ತಿದ್ದರು. ಹೆತ್ತವರೂ ನಂಬಿ ಕಳಿಸುತ್ತಿದ್ದರು. ಅವರನ್ನು ದಡ್ಡರೆನ್ನುವುದು ಸುಲಭ. ಆದರೆ ಮಗ ದೊಡ್ಡ ಆಟಗಾರನಾಗಬೇಕಾದರೆ ಕೋಚ್ ಮನಸ್ಸು ಮಾಡಬೇಕಿತ್ತಲ್ಲ!

ಆ್ಯಂಡಿ ವುಡ್‌ವರ್ಡ್ ಅವನ ಕೈಗೆ ಸಿಕ್ಕಿದ್ದು ಹನ್ನೊಂದನೇ ವಯಸ್ಸಿನಲ್ಲಿ. ಅಲ್ಲಿಂದ ವರ್ಷಗಟ್ಟಲೆ ಲೈಂಗಿಕ ದೌರ್ಜನ್ಯ. ಬಾಯಿಬಿಟ್ಟರೆ ಆಟವೇ ಹೋದೀತೆಂಬ ಭಯ. ಮುಂದೆ ವೃತ್ತಿಪರ ಆಟಗಾರನಾದರೂ ಆ ದಿಗಿಲು ಬಿಡಲಿಲ್ಲ; 29ಕ್ಕೇ ಆಟ ನಿಲ್ಲಿಸಬೇಕಾಯಿತು. 2016ರ ನವೆಂಬರಿನಲ್ಲಿ, 43ನೇ ವಯಸ್ಸಿನಲ್ಲಿ, ಹೆಸರು ಮರೆಮಾಚದೆ ಪತ್ರಿಕೆಯೊಂದಕ್ಕೆ ಎಲ್ಲವನ್ನೂ ತಿಳಿಸಿದರು. ಅವರ ಹಿಂದೆಯೇ ಇತರ ಆಟಗಾರರೂ ಒಬ್ಬೊಬ್ಬರಾಗಿ ಮಾತನಾಡಿದರು. 2018ರಲ್ಲಿ ಬೆನೆಲ್‌ಗೆ 31 ವರ್ಷ ಸಜೆಯಾಯಿತು. 2023ರಲ್ಲಿ ಸೆರೆಯಲ್ಲೇ ಸತ್ತ.

ಇಂಗ್ಲೆಂಡಿನಲ್ಲಿ ಈಗ ಮಕ್ಕಳ ತಂಡವಿರುವ ಕ್ಲಬ್ಬು ಎಷ್ಟೇ ಚಿಕ್ಕದಿರಲಿ, ಮಕ್ಕಳ ಕ್ಷೇಮ ನೋಡಿಕೊಳ್ಳುವ ಅಧಿಕಾರಿಯೊಬ್ಬರು ಇರಲೇಬೇಕು. ಕೋಚ್ ಮೇಲೆ ಹಳೆಯ ಅಪರಾಧಗಳಿವೆಯೇ ಎಂದೂ ಪೊಲೀಸ್ ದಾಖಲೆ ನೋಡಬೇಕು. ಒಳ್ಳೆಯದೇ. ಆದರೆ ದಾಖಲೆಯಲ್ಲಿರುವುದು ಸಿಕ್ಕಿಬಿದ್ದವನ ಹೆಸರು ಮಾತ್ರ. ಮಗು ಇದ್ದಕ್ಕಿದ್ದಂತೆ ಆಟಕ್ಕೆ ಒಲ್ಲೆನೆಂದರೆ ಸೋಮಾರಿತನವೆಂದು ಗದರುವ ಮೊದಲು ಪಕ್ಕದಲ್ಲಿ ಕೂರಿಸಿಕೊಂಡು ಕೇಳುವ ಕೆಲಸವನ್ನು ಯಾವ ದಾಖಲೆಯೂ ಮಾಡದು. ಬೆನೆಲ್‌ಗೆ ಮೊದಲು ಶಿಕ್ಷೆಯಾದದ್ದು 1995ರಲ್ಲಿ, ಅದೂ ದೂರದ ಅಮೆರಿಕದ ಫ್ಲಾರಿಡದಲ್ಲಿ, ಅಲ್ಲಿಗೆ ಕರೆದೊಯ್ದಿದ್ದ 13ರ ಹುಡುಗನ ಪ್ರಕರಣದಲ್ಲಿ. ಆ್ಯಂಡಿಗೆ ಆಗಲೇ ಇಪ್ಪತ್ತೊಂದು ತುಂಬಿತ್ತು.