ಹೆಸರಿಟ್ಟು ಕೇಳಿದ ಕ್ಷಮೆ

ಗಂಭೀರವಾದ ಪಾಠಗಳು ಕೆಲವೊಮ್ಮೆ ನಗೆಯ ವೇಷ ಧರಿಸಿ ಮನೆಗೆ ಬರುತ್ತವೆ. ಟಿಮ್ ಬರ್ಟನ್ ನಿರ್ದೇಶಿಸಿ 2024ರಲ್ಲಿ ತೆರೆಕಂಡ ‘ಬೀಟಲ್‌ಜ್ಯೂಸ್ ಬೀಟಲ್‌ಜ್ಯೂಸ್’ ಎಂಬ ಅಮೆರಿಕದ ಚಲನಚಿತ್ರವನ್ನು ರಜೆಗೆ ಬಂದಿದ್ದ ಮಗಳು ನೋಡುತ್ತಿದ್ದಳು. ನಾನೂ ಮಾತಿಲ್ಲದೆ ಪಕ್ಕದಲ್ಲಿ ಕುಳಿತೆ. ಮಾತಿಲ್ಲದೆ ಕೂರುವುದು ನಮಗಿಬ್ಬರಿಗೂ ವರ್ಷಗಳಿಂದ ಅಭ್ಯಾಸವಾಗಿತ್ತು.

1988ರ ಚಿತ್ರವೊಂದರ ಮುಂದುವರಿಕೆಯಿದು. ಇದರಲ್ಲಿ ಪರಲೋಕವೆಂದರೆ ಥೇಟು ನಮ್ಮ ತಾಲ್ಲೂಕು ಕಚೇರಿ. ಸತ್ತವರು ಸತ್ತ ಸ್ಥಿತಿಯಲ್ಲಿಯೇ ಕುಳಿತು ಸರದಿಗಾಗಿ ಕಾಯುತ್ತಾರೆ. ಶಾರ್ಕ್ ಮೀನಿಗೆ ತುತ್ತಾದ ಗೃಹಸ್ಥನೊಬ್ಬ ತಲೆಯಿಲ್ಲದೆಯೇ ಓಡಾಡುತ್ತಾನೆ. ಮುಂದಿನ ಪಯಣಕ್ಕೆ ರೈಲುಗಾಡಿಯಿದೆ. ಅದರ ಪ್ರಯಾಣಿಕರು ಹಾಡಿ ಕುಣಿಯುತ್ತಾರೆ. ನಾನು ನಕ್ಕೆ.

ಕಥೆಯ ತಾಯಿ ಲಿಡಿಯಾಳಿಗೆ ಪ್ರೇತಗಳು ಕಾಣುತ್ತವೆ. ಆದರೆ ತೀರಿಹೋದ ಗಂಡ ಮಾತ್ರ ಕಾಣುವುದಿಲ್ಲ. ಆದ್ದರಿಂದ ಮಗಳು ಆಸ್ಟ್ರಿಡ್ ತಾಯಿಯನ್ನು ಸುಳ್ಳುಗಾತಿಯೆಂದೇ ತಿಳಿದಿದ್ದಾಳೆ. ಸತ್ತ ಹುಡುಗನೊಬ್ಬ ತಾನು ಮತ್ತೆ ಬದುಕುವ ಆಸೆಯಿಂದ ಅವಳನ್ನು ಪರಲೋಕಕ್ಕೆ ಸೆಳೆದೊಯ್ದಾಗ, ತಾಯಿ ತಾನು ಹೇಸುವ ಪ್ರೇತವನ್ನೇ ಮದುವೆಯಾಗಲು ಒಪ್ಪಿ, ಮಗಳನ್ನು ಕರೆತರಲು ಅಲ್ಲಿಗೆ ಹೋಗುತ್ತಾಳೆ.

ನನ್ನ ನಗೆ ಅಲ್ಲಿಗೆ ನಿಂತಿತು. ಆ ತಾಯಿ ಸುಳ್ಳು ಹೇಳಿರಲಿಲ್ಲ, ನಾನು ಹೇಳಿದ್ದೆ. ಮಗಳು ಎಂಜಿನಿಯರಿಂಗ್ ಓದನ್ನು ಅರ್ಧಕ್ಕೆ ಬಿಟ್ಟು ಬಂದಾಗ, ನೆಂಟರ ಮುಂದೆ ತಲೆತಗ್ಗಿಸಲಾರದೆ, “ಅವಳಿಗೆ ತಲೆ ಸರಿಯಿಲ್ಲ, ಔಷಧ ನಡೆಯುತ್ತಿದೆ” ಎಂದಿದ್ದೆ. ಬಾಗಿಲ ಮರೆಯಲ್ಲಿ ಅವಳು ಕೇಳಿಸಿಕೊಂಡಳು. ಅಂದಿನಿಂದ ನಮ್ಮ ನಡುವೆ ಕುಶಲಪ್ರಶ್ನೆಯಷ್ಟೇ ಉಳಿಯಿತು.

ಹಾಗೆಂದು ನಾನು ಕ್ಷಮೆ ಕೇಳಿರಲಿಲ್ಲವೆಂದಲ್ಲ. ದಶಲಕ್ಷಣ ಪರ್ವ ಮುಗಿದು ಕ್ಷಮಾವಾಣಿಯ ದಿನ ಬಂದಾಗ, ಊರಿಗೆಲ್ಲ ಕಳುಹಿಸುವ ಅಚ್ಚಾದ ಕಾರ್ಡು ಅವಳಿಗೂ ಹೋಗುತ್ತಿತ್ತು. ‘ತಿಳಿದೋ ತಿಳಿಯದೆಯೋ ನೋಯಿಸಿದ್ದರೆ’ ಎಂಬ ಮಾತಿನ ಹಿಂದೆ, ತಿಳಿದೇ ನೋಯಿಸಿದವಳು ಅಡಗಿಕೊಂಡಿದ್ದೆ.

ಚಿತ್ರದ ಪರಲೋಕದಲ್ಲಿ ತಪ್ಪು ತಿದ್ದಿಕೊಳ್ಳಲು ವೇಳೆಯುಂಟು. ನಮ್ಮ ತತ್ತ್ವಾರ್ಥಸೂತ್ರದ ಲೆಕ್ಕ ಬೇರೆ. ದೇಹ ಬಿಟ್ಟ ಸಂಸಾರಿ ಜೀವ ನಾಲ್ಕು ‘ಸಮಯ’ಗಳೊಳಗೆ ಮುಂದಿನ ಜನ್ಮಸ್ಥಾನವನ್ನು ಸೇರುತ್ತದೆ. ‘ಸಮಯ’ವೆಂದರೆ ಕಾಲದ ಅತಿ ಸೂಕ್ಷ್ಮವಾದ, ಮತ್ತೆ ವಿಭಾಗಿಸಲಾಗದ ಅಂಶ. ಅಲ್ಲಿ ಕಾಯುವ ಕೋಣೆಯಿಲ್ಲ, ಬೆಂಚಿಲ್ಲ, ತಡವಾಗಿ ಬಂದ ತಾಯಿಗೆ ಮಗಳನ್ನು ಹುಡುಕುವ ಅವಕಾಶವೂ ಇಲ್ಲ.

ಚಿತ್ರ ಮುಗಿದ ಮೇಲೆ ಹೇಳಿದೆ: “ಅಂದು ನೆಂಟರಿಗೆ ನಿನ್ನ ಬಗ್ಗೆ ಸುಳ್ಳು ಹೇಳಿದೆ. ನನ್ನ ಮರ್ಯಾದೆ ಉಳಿಸಿಕೊಳ್ಳಲು ನಿನ್ನದನ್ನು ಕಳೆದೆ. ಅದು ತಪ್ಪು.”

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ಹೊತ್ತು ಮುಳುಗುತ್ತಿದೆ, ಊಟಕ್ಕೆ ಏಳಮ್ಮ” ಎಂದಳು. ಕ್ಷಮಿಸಿದೆನೆಂದು ಹೇಳಲಿಲ್ಲ, ನಾನೂ ಕೇಳಲಿಲ್ಲ. ಅಂದು ಒಂದೇ ಹೊತ್ತಿಗೆ ಇಬ್ಬರೂ ಊಟಕ್ಕೆ ಕುಳಿತೆವು.

ವಾಚಕರೇ, ಈ ಸಲದ ಕ್ಷಮಾವಾಣಿಯಂದು ನೂರು ಕಾರ್ಡುಗಳ ಜೊತೆಗೆ, ತಪ್ಪಿನ ಹೆಸರು ಹೇಳಿ, ಮನೆಯೊಳಗಿನ ಒಬ್ಬರನ್ನಾದರೂ ಕ್ಷಮೆ ಕೇಳೋಣ. ಅದಕ್ಕೆ ಪರಲೋಕಕ್ಕೆ ಹೋಗಬೇಕಾಗಿಲ್ಲ. ನಡುಮನೆ ದಾಟಿದರೆ ಸಾಕು.