ತಳದ ಹಿಡಿಮಣ್ಣು

ನೀರನ್ನು ಕಂಡವರಲ್ಲಿ ಬಹುಮಂದಿ ಅದರ ಮುಖವನ್ನು ಮಾತ್ರ ಕಂಡವರು. ಮಾಗಳದವರಾದ ನಮಗೆ ತುಂಗಭದ್ರೆ ನಿತ್ಯದ ನೆರೆಯವಳು. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇಲ್ಲಿಯ ವೇಣುಗೋಪಾಲಸ್ವಾಮಿಯ ಗುಡಿಯನ್ನು ಕಡೆದ ಶಿಲ್ಪಿಗಳಿಗೂ ಅವಳು ನೆರೆಯವಳೇ ಆಗಿದ್ದಳು. ಮುಂಗಾರಿನಲ್ಲಿ ಅವಳ ಬಣ್ಣ ಕೆಂಪಾಗುವುದನ್ನೂ ಬೇಸಗೆಯಲ್ಲಿ ಅವಳ ಮೈ ಸೊರಗುವುದನ್ನೂ ನಾವು ಬಲ್ಲೆವು. ಆದರೆ ಮಡುವಿನ ತಳದಲ್ಲಿ ಏನಿದೆಯೆಂದು ಯಾರಾದರೂ ಕೇಳಿದರೆ ಒಬ್ಬರ ಮುಖವನ್ನೊಬ್ಬರು ನೋಡಬೇಕಾಗುವುದು. ಮನೆಯ ಬಾಗಿಲಲ್ಲಿರುವ ಈ ಅಪರಿಚಿತ ಲೋಕವನ್ನು ಕುರಿತು ನಾಲ್ಕು ಮಾತು ಬರೆಯಬೇಕೆನಿಸಿದೆ.

ಹಿಂದೆ ಮುಳುಗುವ ವಿದ್ಯೆ ನಮ್ಮ ಸೀಮೆಯ ಹುಡುಗರಿಗೆ ಅಕ್ಷರಾಭ್ಯಾಸದೊಡನೆಯೇ ಬರುತ್ತಿದ್ದಿತು. ತೋಟದ ಬಾವಿಯ ಮೆಟ್ಟಿಲ ಮೇಲೆ ಹಿರಿಯನೊಬ್ಬನು ಕುಳಿತಿರುವನು. ಹುಡುಗನ ಬೆನ್ನಿಗೆ ಒಣಗಿದ ಸೋರೆಬುರುಡೆಯನ್ನೋ ಬೆಂಡಿನ ಕಟ್ಟನ್ನೋ ಬಿಗಿದಿರುವುದು. ಬುರುಡೆಯನ್ನು ಬಿಚ್ಚಿದ ಮೇಲೆ ಪರೀಕ್ಷೆ: ತಳವನ್ನು ಮುಟ್ಟಿ ಒಂದು ಹಿಡಿ ಮಣ್ಣನ್ನು ತರಬೇಕು. ಬರಿಗೈಯಲ್ಲಿ ಬಂದವನು ಎಷ್ಟು ಆಣೆಯಿಟ್ಟರೂ ನಂಬುವವರಿಲ್ಲ. ಬಾವಿಗೆ ಬಿದ್ದ ಕೊಡ ಪಾತಾಳಗರಡಿಗೆ ಸಿಕ್ಕದಿದ್ದರೆ ಇಂತಹ ಹುಡುಗನಿಗೇ ಕರೆ ಬರುವುದು. ಕೊಳವೆಬಾವಿಗಳು ಬಂದು ತೆರೆದ ಬಾವಿಗಳು ಒಂದೊಂದಾಗಿ ಬತ್ತಿದ ಮೇಲೆ ಆ ಪಾಠಶಾಲೆಯೂ ಮುಚ್ಚಿಹೋದಂತಾಯಿತು.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಸೋದರಳಿಯನು ಈ ವಿದ್ಯೆಯ ಹೊಸ ರೂಪವನ್ನು ಕಲಿತು ಬಂದನು. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿ ದ್ವೀಪಕ್ಕೆ ಹೋಗಿ, ಬೆನ್ನಿಗೆ ಗಾಳಿಯ ಸಿಲಿಂಡರನ್ನು ಕಟ್ಟಿಕೊಂಡು ಹವಳಗಳ ನಡುವೆ ತಿರುಗಿ ಬಂದವನು ಅವನು. ನೀರಿನ ಒತ್ತಡಕ್ಕೆ ತಕ್ಕಂತೆ ಗಾಳಿಯನ್ನು ಬಾಯಿಗೆ ಒದಗಿಸುವ ಈ ಸಾಧನವನ್ನು 1943ರಲ್ಲಿ ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾಂ ಎಂಬಿಬ್ಬರು ಸಿದ್ಧಪಡಿಸಿದರು. ಹಬ್ಬಕ್ಕೆ ಊರಿಗೆ ಬಂದ ಅಳಿಯನು, “ಮಾವ, ಕಡಲಿನ ತಳ ನೋಡಿ ಬಂದೆ. ನಮ್ಮೂರ ನೀರಿನ ತಳ ನೋಡಿಲ್ಲವಲ್ಲ!” ಎಂದನು. ಅವನ ಜೊತೆಗೆ ಇಬ್ಬರು ಗೆಳೆಯರೂ ಬಂದಿದ್ದರು. ಅವರಲ್ಲೊಬ್ಬನು ಇತರರಿಗೆ ಕಲಿಸುವಷ್ಟು ನುರಿತವನು.

ಅವರ ಶಾಸ್ತ್ರದ ಮೊದಲ ಸೂತ್ರವು ಸರಳವಾದುದು: ಉಸಿರನ್ನು ಬಿಗಿಹಿಡಿಯಬಾರದು. ನೀರಿನಲ್ಲಿ ಹತ್ತು ಮೀಟರು ಇಳಿದರೆ ಮೈಮೇಲಿನ ಒತ್ತಡ ಸುಮಾರು ಇಮ್ಮಡಿಯಾಗುವುದು. ಅಲ್ಲಿ ಎದೆತುಂಬ ಎಳೆದ ಗಾಳಿ, ಬಾಯ್ಲನು 1662ರಲ್ಲಿ ಪ್ರಕಟಿಸಿದ ನಿಯಮದಂತೆ, ಮೇಲೆ ಬರುವಷ್ಟರಲ್ಲಿ ಎರಡರಷ್ಟಾಗಿ ಹಿಗ್ಗುವುದು. ಉಸಿರು ಕಟ್ಟಿಕೊಂಡು ಮೇಲೆದ್ದವನ ಶ್ವಾಸಕೋಶವೇ ಬಿರಿಯಬಹುದು. ಆದುದರಿಂದ ಉಸಿರಾಡುತ್ತ, ಮೆಲ್ಲಮೆಲ್ಲನೆ ಏಳತಕ್ಕದ್ದು. ರನ್ನನ ಗದಾಯುದ್ಧವನ್ನು ಓದಿದವರಿಗೆ ವೈಶಂಪಾಯನ ಸರೋವರದಲ್ಲಿ ಜಲಮಂತ್ರದ ಬಲದಿಂದ ಅಡಗಿದ್ದ ದುರ್ಯೋಧನನು ನೆನಪಾಗದಿರನು. ಭೀಮನ ಗರ್ಜನೆಯನ್ನು ಕೇಳಿ ಅವನು ಕೆರಳಿ ಎದ್ದುಬಂದನಷ್ಟೆ. ನಾನು ಇದನ್ನು ಹೇಳಿದಾಗ ಅಳಿಯನು ನಕ್ಕು, “ನಮ್ಮ ಗುರುಗಳಾಗಿದ್ದರೆ ಅವನಿಗೆ ಯೋಗ್ಯತಾಪತ್ರ ಕೊಡುತ್ತಿರಲಿಲ್ಲ” ಎಂದನು.

ಒಳನಾಡಿನ ನೀರಿಗೆ ಬೇರೆ ಲೆಕ್ಕವೂ ಉಂಟು. ತುಂಗಭದ್ರಾ ಜಲಾಶಯ ತುಂಬಿದಾಗ ಅದರ ನೀರು ಸಮುದ್ರಮಟ್ಟಕ್ಕಿಂತ 1633 ಅಡಿ ಎತ್ತರದಲ್ಲಿರುವುದು. ಈ ಎತ್ತರದಲ್ಲಿ ಗಾಳಿಯ ಒತ್ತಡ ಕಡಲತೀರಕ್ಕಿಂತ ನೂರಕ್ಕೆ ಆರರಷ್ಟು ಕಡಿಮೆ. ಆಳದಲ್ಲಿ ರಕ್ತಕ್ಕೆ ಸೇರಿದ ಸಾರಜನಕವು ಮೇಲೆ ಬಂದಾಗ ಗುಳ್ಳೆಯಾಗಿ ಹೊರಡುವ ಭಯ ಇಲ್ಲಿ ಅಷ್ಟರಮಟ್ಟಿಗೆ ಹೆಚ್ಚು. ಕಡಲಿಗೆಂದು ಬರೆದ ಕೋಷ್ಟಕ ನಮ್ಮ ಕೆರೆಗೆ ಹಾಗೆಯೇ ಸಲ್ಲದು.

ಹುಡುಗರ ಮೊದಲ ಆಸೆಯಿದ್ದುದು ಆ ಜಲಾಶಯದ ಮೇಲೆ. 1953ರಲ್ಲಿ ಪೂರ್ಣಗೊಂಡ ಆ ಅಣೆಕಟ್ಟಿನ ಹಿನ್ನೀರಿನಲ್ಲಿ ನಾರಾಯಣದೇವರಕೆರೆಯೇ ಮೊದಲಾದ ಎಷ್ಟೋ ಊರುಗಳು ಮುಳುಗಿರುವುವು. ಅಲ್ಲಿಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲಸಿದರು. ಹಿರಿಯರ ಬೀದಿಗಳಲ್ಲಿ ಮೀನಿನಂತೆ ಸಂಚರಿಸಬೇಕೆಂಬ ಬಯಕೆ ಯಾರಿಗಾದರೂ ಬರುವಂತಹುದೇ. ಆದರೆ ಅಲ್ಲಿ ಇಳಿಯಲು ಅಪ್ಪಣೆ ಬೇಕು. ಕದಡಿದ ನೀರಿನಲ್ಲಿ ಕಣ್ಣಿಗೆ ಕಾಣುವುದೂ ಸ್ವಲ್ಪವೇ. ಆದಕಾರಣ ಅವರ ದೃಷ್ಟಿ ಕೆಲಸ ನಿಂತು ನೀರು ತುಂಬಿದ್ದ ಒಂದು ಕಲ್ಲು ಕ್ವಾರಿಯ ಕಡೆಗೆ ತಿರುಗಿತು. ಇಂಗ್ಲೆಂಡಿನ ಸ್ಟೋನಿ ಕೋವ್ ಎಂಬಲ್ಲಿ ಇಂತಹುದೇ ಹಳೆಯ ಕ್ವಾರಿಯೊಂದು ಮುಳುಗುವ ವಿದ್ಯೆಯ ಹೆಸರಾಂತ ಪಾಠಶಾಲೆಯಾಗಿದೆಯಂತೆ.

ಹೊರಡುವ ಮುನ್ನ ನಮ್ಮೂರಿನ ಮುದುಕ ಅಂಬಿಗನೊಬ್ಬನನ್ನು ಕೇಳಿದೆವು. ಅರುವತ್ತು ವರ್ಷ ಹರಿಗೋಲು ಹಾಕಿದ ಕೈ ಅವನದು. “ಹೊಳಿ ಆದ್ರ ದಂಡಿ ಇರತೈತಿ ತಮ್ಮಾ, ಬಾವಿ ಆದ್ರ ಮೆಟ್ಲ ಇರತಾವ. ಕ್ವಾರಿಗೆ ಎರಡೂ ಇಲ್ಲ. ಹಗ್ಗ ಬಿಟ್ಟು ಇಳೀಬ್ಯಾಡ್ರಿ,” ಎಂದನು.

ಒಡೆಯರ ಒಪ್ಪಿಗೆ ಪಡೆದು, ಹಗ್ಗವನ್ನು ಬಂಡೆಗೆ ಬಿಗಿದು, ಅವರು ಇಳಿದರು. ದಡದಲ್ಲಿ ಕುಳಿತು ಹಗ್ಗ ಹಿಡಿಯುವ ಕೆಲಸ ನನ್ನದಾಯಿತು. ನೀರು ಹಸುರಾಗಿ, ನಿಶ್ಚಲವಾಗಿ, ನೋಡುವವರನ್ನು ಕರೆಯುವಂತಿತ್ತು. ಇಪ್ಪತ್ತು ನಿಮಿಷ ಗುಳ್ಳೆಗಳ ಹೊರತು ಮತ್ತೇನೂ ಕಾಣಲಿಲ್ಲ. ಆ ಇಪ್ಪತ್ತು ನಿಮಿಷ ಎಷ್ಟು ದೀರ್ಘವಾಗಿದ್ದುವೆಂಬುದು, ಮಕ್ಕಳನ್ನು ನೀರಿಗೆ ಕಳುಹಿಸಿ ದಡದಲ್ಲಿ ಕಾದ ತಾಯಿತಂದೆಗಳಿಗೆ ಗೊತ್ತು.

ಮೇಲೆ ಬಂದವರು ಹೇಳಿದ ವರ್ತಮಾನದಲ್ಲಿ ಸೊಬಗೇನೂ ಇರಲಿಲ್ಲ. ದಡದಿಂದ ಎರಡು ಹೆಜ್ಜೆ ಸೊಂಟದ ನೀರು. ಮೂರನೆಯ ಹೆಜ್ಜೆಗೆ ಕಲ್ಲನ್ನು ಗೋಡೆಯಂತೆ ಕಡಿದಿದೆ, ಕೆಳಗೆ ಏಳಾಳು ನೀರು. ಕಾಲಿಡಲು ಮೆಟ್ಟಿಲಿಲ್ಲ, ಕೈಹಿಡಿಯಲು ಬೇರಿಲ್ಲ. ಮೇಲೆ ಬೆಚ್ಚಗಿದ್ದ ನೀರು ಎರಡಾಳಿನ ಕೆಳಗೆ ಥಟ್ಟನೆ ಮೈ ಕೊರೆಯುವಷ್ಟು ತಣ್ಣಗಾಗುವುದು. ಒಮ್ಮೆಗೇ ಅಂತಹ ಚಳಿ ತಗಲಿದರೆ ಈಜು ಬಲ್ಲವನ ಉಸಿರೂ ತಪ್ಪುವುದು. ತಳದಲ್ಲಿ ತುಕ್ಕು ಹಿಡಿದ ಕಬ್ಬಿಣದ ಹಗ್ಗದ ಸುರುಳಿ. ಅದರ ಮೇಲೆ ಕಲ್ಲುಹುಡಿಯ ಕೆಸರು. ಅಳಿಯನು ಹಿಂದಿನ ಹುಡುಗರಂತೆ ಹಿಡಿಮಣ್ಣಿಗೆ ಕೈಹಾಕಿದೊಡನೆ ಹುಡಿಯೆದ್ದು ತನ್ನ ಕೈಯೇ ತನಗೆ ಕಾಣದಂತಾಯಿತಂತೆ. ದಾರಿ ತೋರಿಸಿದುದು ಹಗ್ಗವೊಂದೇ. ಅವನು ಮುಷ್ಟಿಯನ್ನು ಬಿಚ್ಚಿದಾಗ ಬೂದಿಯಂತಹ ನುಣುಪಾದ ಕೆಸರು ಬೆರಳ ಸಂದಿಯಿಂದ ಜಾರಿಹೋಯಿತು.

ಬೇಸಗೆಯ ರಜೆಯಲ್ಲಿ ಇಂತಹ ಹೊಂಡಗಳಲ್ಲಿ ಮಕ್ಕಳು ಮುಳುಗಿದ ವಾರ್ತೆಯನ್ನು ನಾಡಿನ ಪತ್ರಿಕೆಗಳಲ್ಲಿ ಓದುತ್ತಲೇ ಇರುವೆವು. “ವಿಧಿ” ಎಂದು ನಿಟ್ಟುಸಿರುಬಿಟ್ಟು ಸುಮ್ಮನಾಗುವೆವು. ಆದರೆ ಆ ದಿನ ನನಗೆ ತಿಳಿದುಬಂದುದೇನೆಂದರೆ, ಇದರಲ್ಲಿ ವಿಧಿಗಿಂತ ಮೂರನೆಯ ಹೆಜ್ಜೆಯ ಪಾತ್ರವೇ ಹೆಚ್ಚು. ಅದು ಎಲ್ಲಿದೆಯೆಂದು ಹೇಳಬಲ್ಲವರು ಇದ್ದರೆ ಎಷ್ಟೋ ಮನೆಗಳಲ್ಲಿ ದೀಪ ಉಳಿದೀತು.

ಹುಡುಗರು ಹಿಂದಿರುಗುವ ಮುನ್ನ ಗೋಡೆ ಕಡಿದಿರುವ ಅಂಚಿನುದ್ದಕ್ಕೂ ಬಂಡೆಗೆ ಸುಣ್ಣದ ಪಟ್ಟೆ ಬಳಿದು, “ಇಲ್ಲಿಂದ ಏಳಾಳು” ಎಂದು ದಪ್ಪಕ್ಷರದಲ್ಲಿ ಬರೆದರು. ಒಂದು ಉದ್ದದ ಹಗ್ಗವನ್ನೂ ಮುಚ್ಚಿದ ಖಾಲಿ ಡಬ್ಬಿಯನ್ನೂ ಅಲ್ಲಿ ಕಟ್ಟಿಟ್ಟರು. ಮುಳುಗುವವನ ಕಡೆಗೆ ದಡದಿಂದಲೇ ಎಸೆಯಲು ಇಷ್ಟು ಸಾಕು. ಮರುವರ್ಷ ಬೇಸಗೆಯಲ್ಲಿ ಅಳಿಯನು ಬಂದಾಗ ಸಿಲಿಂಡರನ್ನು ತರಲಿಲ್ಲ. ನೀರು ಉಳಿದಿದ್ದ ಒಂದು ತೋಟದ ಬಾವಿಯನ್ನು ಹುಡುಕಿ, ಓಣಿಯ ಹತ್ತು ಮಕ್ಕಳ ಬೆನ್ನಿಗೆ ಬೆಂಡು ಕಟ್ಟಿದನು. ಅಂಬಿಗನು ಮೆಟ್ಟಿಲ ಮೇಲೆ ಕುಳಿತನು.

ವಿಜ್ಞಾನವು ಮನುಷ್ಯನನ್ನು ಕಡಲಿನ ತಳಕ್ಕೆ ಒಯ್ದಿತೆಂದು ನಾವು ಹೆಮ್ಮೆಪಡುವುದು ಸರಿಯೇ. ಆದರೆ ಆ ವಿದ್ಯೆ ಊರಿಗೆ ಬಂದು, ನೆರೆಯ ಹೊಂಡದ ಆಳವನ್ನು ನೆರೆಯ ಮಗುವಿಗೆ ಹೇಳಿದಾಗ ಅದರ ಬೆಲೆ ಇನ್ನೂ ಹೆಚ್ಚುವುದು. ನೋಡಿದವರೊಬ್ಬರು ಹೇಳುವವರೆಗೆ ನೀರಿನ ಮುಖ ಎಲ್ಲೆಡೆಯೂ ಒಂದೇ ಆಗಿರುವುದು.