ಪೇಡಿ ಬೇರೆ, ಹೇಡಿ ಬೇರೆ

ಕುಂಬಳೆ ಸೀಮೆಯ ಕನ್ನಡ ಮಾಧ್ಯಮ ಶಾಲೆಯೊಂದರ ಅಧ್ಯಾಪಿಕೆಗೆ 53ನೆಯ ವಯಸ್ಸಿನಲ್ಲಿ ಮೊದಲ ಬಾರಿಗೆ ಕಡಲು ದಾಟುವ ಸಂದರ್ಭ ಒದಗಿತು. ಮಗಳು ಮತ್ತು ಅಳಿಯ ಉಗಾಂಡದ ಕಂಪಾಲದಲ್ಲಿದ್ದಾರೆ. ಮಗಳಿಗೆ ಚೊಚ್ಚಲ ಹೆರಿಗೆ. ಬಾಣಂತನಕ್ಕೆ ತಾಯಿಯಲ್ಲದೆ ಇನ್ನಾರು ಹೋಗಬೇಕು? ಪಾಸ್‌ಪೋರ್ಟ್ ಕೈಸೇರಿತು, ಟಿಕೇಟು ಆಯಿತು, ಬಾಣಂತಿಗೆ ಬೇಕಾದ ಲೇಹ್ಯವೂ ಮಗುವಿಗೆ ಹಳೆಯ ಸೀರೆಯ ಮೆತ್ತನೆಯ ಬಟ್ಟೆಗಳೂ ಪೆಟ್ಟಿಗೆ ಸೇರಿದವು. ಉಳಿದದ್ದು ಒಂದೇ, ಹಳದಿ ಜ್ವರದ ಲಸಿಕೆ. ಅದನ್ನು ಹಾಕಿಸಿಕೊಂಡ ಪ್ರಮಾಣಪತ್ರವನ್ನು ಉಗಾಂಡ ತನ್ನ ಗಡಿಯಲ್ಲಿ ಕೇಳುತ್ತದೆ. ಚುಚ್ಚಿಸಿಕೊಂಡ ಹತ್ತು ದಿನಗಳ ಬಳಿಕವಷ್ಟೇ ಆ ಪತ್ರಕ್ಕೆ ಮಾನ್ಯತೆ.

ಎಲ್ಲ ಕೆಲಸಗಳನ್ನೂ ಚುರುಕಾಗಿ ಮುಗಿಸಿದ ಟೀಚರು ಇದೊಂದನ್ನು ಮಾತ್ರ ಮುಂದೂಡುತ್ತಲೇ ಬಂದರು. "ಆಯಿತಾ ಅಮ್ಮಾ, ಚುಚ್ಚುಮದ್ದು?" ಎಂದು ಮಗಳು ಫೋನಿನಲ್ಲಿ ಕೇಳಿದಾಗಲೆಲ್ಲ, "ಮುಂದಿನ ವಾರ ಮಗಾ" ಎಂಬುದೇ ಉತ್ತರ. ಪ್ರಯಾಣಕ್ಕೆ ಮೂರು ವಾರ ಉಳಿದಾಗಲೂ ಆ ಮುಂದಿನ ವಾರ ಬಂದಿರಲಿಲ್ಲ.

ಕಾರಣ ಮನೆಯವರಿಗೆಲ್ಲ ತಿಳಿದದ್ದೇ. ಸೂಜಿಯನ್ನು ಕಂಡರೆ ಅವರ ಕೈಕಾಲು ತಣ್ಣಗಾಗುತ್ತದೆ. 2021ರಲ್ಲಿ ಕೋವಿಡ್ ಲಸಿಕೆ ಹಾಕಿಸಿಕೊಂಡ ದಿನ ಕುರ್ಚಿಯಿಂದ ಜಾರಿ ನೆಲಕ್ಕೆ ಬಿದ್ದಿದ್ದರು. ಆ ನೋವು ಸಂಜೆಯೊಳಗೆ ಮರೆತುಹೋಯಿತು. ಆದರೆ ಸಾಲಿನಲ್ಲಿ ನಿಂತಿದ್ದ ಹಳೆಯ ವಿದ್ಯಾರ್ಥಿಗಳ ಎದುರು ಹಾಗೆ ಬಿದ್ದ ಸಂಕೋಚ ಮನಸ್ಸಿನಿಂದ ಅಳಿಯಲಿಲ್ಲ. ಶಾಲೆಗೆ ಆರೋಗ್ಯ ಕಾರ್ಯಕರ್ತೆಯರು ಬಂದು ಹತ್ತು ವರ್ಷದ ಮಕ್ಕಳಿಗೆ ಚುಚ್ಚುಮದ್ದು ಹಾಕುವಾಗ, ಮಕ್ಕಳ ಕೈ ಹಿಡಿದು "ಇರುವೆ ಕಚ್ಚಿದ ಹಾಗೆ, ಅಷ್ಟೆ" ಎಂದು ಸಮಾಧಾನ ಹೇಳುವವರೂ ಇದೇ ಟೀಚರು. ಹೇಳುತ್ತಾ ಮುಖವನ್ನು ಗೋಡೆಯತ್ತ ತಿರುಗಿಸುತ್ತಿದ್ದರು. ಒಮ್ಮೆ ಐದನೆಯ ತರಗತಿಯ ಹುಡುಗನೊಬ್ಬ ತೋಳು ಉಜ್ಜಿಕೊಳ್ಳುತ್ತಾ, "ಟೀಚರ್, ಅದು ಇರುವೆ ಅಲ್ಲ" ಎಂದಿದ್ದನು.

ಸೂಜಿಯ ಭಯಕ್ಕೆ ದೇಹದಲ್ಲಿಯೇ ಒಂದು ವಿಚಿತ್ರ ದಾರಿಯಿದೆ. ಹಾವನ್ನು ಕಂಡು ಹೆದರಿದವನ ಎದೆಬಡಿತವೂ ರಕ್ತದೊತ್ತಡವೂ ಏರುತ್ತವೆ. ಅವನು ಓಡಬಲ್ಲ, ತಲೆಸುತ್ತಿ ಬೀಳುವುದು ವಿರಳ. ರಕ್ತ, ಸೂಜಿಗಳ ಭಯವುಳ್ಳ ಹಲವರಲ್ಲಿ ರಕ್ತದೊತ್ತಡ ಮೊದಲು ಏರಿ ಮರುಕ್ಷಣ ಥಟ್ಟನೆ ಇಳಿಯುತ್ತದೆ. ಮೆದುಳಿಗೆ ರಕ್ತ ಸಾಲದೆ ಕಣ್ಣು ಕತ್ತಲಿಡುತ್ತದೆ. ಮನಸ್ಸು ಎಷ್ಟೇ ಗಟ್ಟಿಯಿದ್ದರೂ ಈ ಇಳಿತವನ್ನು ಬುದ್ಧಿಮಾತಿನಿಂದ ತಡೆಯಲಾಗದು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಲಾರ್ಸ್ ಗೋರಾನ್ ಓಸ್ಟ್ ಇದಕ್ಕೆ ಸರಳವಾದೊಂದು ಅಭ್ಯಾಸವನ್ನು ರೂಪಿಸಿದರು. ತೊಡೆ, ಹೊಟ್ಟೆ, ತೋಳುಗಳ ಸ್ನಾಯುಗಳನ್ನು ಹತ್ತು ಹದಿನೈದು ಸೆಕೆಂಡು ಬಿಗಿಹಿಡಿದು, ಮುಖ ಬೆಚ್ಚಗಾದ ಮೇಲೆ ಸಡಿಲಿಸಿ, ಅರೆನಿಮಿಷ ಬಿಟ್ಟು ಮತ್ತೆ ಬಿಗಿಹಿಡಿಯುವುದು. ಇದರಿಂದ ರಕ್ತದೊತ್ತಡ ಇಳಿಯದೆ ನಿಲ್ಲುತ್ತದೆ. ಸೂಜಿ ಚುಚ್ಚುವ ತೋಳನ್ನು ಮಾತ್ರ ಸಡಿಲವಾಗಿ ಬಿಡಬೇಕು. ಮಲಗಿಕೊಂಡು ಹಾಕಿಸಿಕೊಂಡರೆ ಬೀಳುವ ಪ್ರಶ್ನೆಯೇ ಇಲ್ಲ. ಊರಿನ ವೈದ್ಯರು ಇದನ್ನು ತಿಳಿಸಿಕೊಟ್ಟರು. ಟೀಚರು ಒಂದು ವಾರ ದಿನವೂ ಮನೆಯ ಜಗಲಿಯಲ್ಲಿ ಕುಳಿತು ಅಭ್ಯಾಸ ಮಾಡಿದರು.

ಈ ಲಸಿಕೆ ಎಲ್ಲ ಆಸ್ಪತ್ರೆಗಳಲ್ಲಿ ಸಿಗುವುದಿಲ್ಲ. ಸರಕಾರ ಗೊತ್ತುಪಡಿಸಿದ ಕೇಂದ್ರಗಳಿಗೇ ಹೋಗಬೇಕು. ಒಂದು ಸೀಸೆಯಲ್ಲಿ ಹಲವರಿಗಾಗುವಷ್ಟು ಮದ್ದಿರುತ್ತದೆ, ಕಲಸಿದ ಮೇಲೆ ಕೆಲವೇ ಗಂಟೆಗಳಲ್ಲಿ ಅದನ್ನು ಮುಗಿಸಬೇಕು. ಆದ್ದರಿಂದ ದಿನ ಗೊತ್ತುಮಾಡಿಕೊಂಡು ಹೋಗುವುದೇ ಸರಿ. ದಂಪತಿಗಳು ರಾತ್ರಿಯ ರೈಲಿನಲ್ಲಿ ಕೊಚ್ಚಿಗೆ ಹೊರಟರು. ನಿದ್ದೆ ಬಾರದ ಟೀಚರಿಗೆ ಪತಿ ಆ ಲಸಿಕೆಯ ಕಥೆಯನ್ನು ಓದಿ ಹೇಳಿದರು. 1927ರಲ್ಲಿ ಇಂದಿನ ಘಾನಾ ದೇಶದಲ್ಲಿ ಅಸಿಬಿ ಎಂಬ ಯುವಕನಿಗೆ ಹಳದಿ ಜ್ವರ ಬಂದಿತು. ಅವನ ರಕ್ತದಿಂದ ವೈರಾಣುವನ್ನು ಬೇರ್ಪಡಿಸಿದರು, ಅವನು ಬದುಕಿಕೊಂಡನು. ಅದೇ ವೈರಾಣುವನ್ನು ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಬೆಳೆಸಿ, ರೋಗ ತರುವ ಬಲವನ್ನು ಕುಂದಿಸಿ, 1937ರಲ್ಲಿ ಮ್ಯಾಕ್ಸ್ ಥೈಲರ್ ಮತ್ತು ಸಂಗಡಿಗರು 17ಡಿ ಎಂಬ ಲಸಿಕೆಯನ್ನು ಸಿದ್ಧಪಡಿಸಿದರು. ಥೈಲರರಿಗೆ 1951ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಜಗತ್ತು ಇಂದಿಗೂ ಬಳಸುವುದು ಆ ತಳಿಯನ್ನೇ. "ಹಾಗಾದರೆ ಅಸಿಬಿಗೂ ಮೊದಲು ಸೂಜಿ ಚುಚ್ಚಿದ್ದಾರೆ" ಎಂದರಂತೆ ಟೀಚರು.

ಅವರನ್ನು ಹೆಚ್ಚು ಯೋಚಿಸುವಂತೆ ಮಾಡಿದ್ದು ಇನ್ನೊಂದು ವಿಷಯ. ಹಳದಿ ಜ್ವರವನ್ನು ಹರಡುವ ಈಡಿಸ್ ಜಾತಿಯ ಸೊಳ್ಳೆ ನಮ್ಮಲ್ಲೂ ಇದೆ. ಡೆಂಗಿಯನ್ನು ತರುವುದೂ ಅದೇ. ತೋಟದಲ್ಲಿ ಬಿದ್ದ ಅಡಿಕೆ ಹಾಳೆ, ತೆಂಗಿನ ಗೆರಟೆ, ರಬ್ಬರ್ ಚಿಪ್ಪುಗಳಲ್ಲಿ ನಿಂತ ಮಳೆನೀರು ಸಾಕು, ಈಡಿಸ್ ಸೊಳ್ಳೆಗಳು ಅಲ್ಲಿ ಮೊಟ್ಟೆಯಿಡುತ್ತವೆ. ಸೊಳ್ಳೆಯಿದ್ದರೂ ಹಳದಿ ಜ್ವರ ಮಾತ್ರ ಭಾರತಕ್ಕೆ ಕಾಲಿಟ್ಟಿಲ್ಲ. ಅದಕ್ಕೆಂದೇ, ಆ ರೋಗವಿರುವ ದೇಶಗಳಿಂದ ಪ್ರಮಾಣಪತ್ರವಿಲ್ಲದೆ ಬರುವವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿರಿಸುವ ಕಟ್ಟುನಿಟ್ಟಿನ ನಿಯಮ ಇಲ್ಲಿದೆ. ಮಗಳ ಮನೆಗೆ ಹೋಗಲು ಬೇಕಾದ ಚುಚ್ಚುಮದ್ದು ಹಿಂದಿರುಗುವಾಗ ತನ್ನ ತೋಟವನ್ನೂ ನೆರೆಮನೆಗಳನ್ನೂ ಶಾಲೆಯ ಮಕ್ಕಳನ್ನೂ ಕಾಯುತ್ತದೆ ಎಂದು ತಿಳಿದಾಗ ಅವರ ಭಯ ಹೋಗಲಿಲ್ಲ. ಆದರೆ ಮುಂದೂಡಲು ನೆಪವೂ ಉಳಿಯಲಿಲ್ಲ.

ಕೇಂದ್ರದಲ್ಲಿ ಮೊಟ್ಟೆ ಒಗ್ಗದಿರುವುದುಂಟೇ, ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಮದ್ದು ಸೇವಿಸುತ್ತಿದ್ದೀರಾ ಎಂದೆಲ್ಲ ವಿಚಾರಿಸಿದರು. ಇದು ಕೋಳಿಮೊಟ್ಟೆಯಲ್ಲಿ ಬೆಳೆಸಿದ ಜೀವಂತ ಲಸಿಕೆ. 60 ದಾಟಿದವರು, ಗರ್ಭಿಣಿಯರು ವೈದ್ಯರೊಡನೆ ಚರ್ಚಿಸದೆ ಹಾಕಿಸಿಕೊಳ್ಳುವಂತಿಲ್ಲ. ಎಲ್ಲಕ್ಕೂ ಉತ್ತರಿಸಿದ ಮೇಲೆ ಟೀಚರು ಮಲಯಾಳದಲ್ಲಿ ಮೆಲ್ಲನೆ ಹೇಳಿದರು: "ಎನಿಕ್ಕ್ ಸೂಚಿ ಪೇಡಿಯಾಣ್." ನರ್ಸ್ ನಗಲಿಲ್ಲ. ಮಲಗಿಕೊಳ್ಳಿ ಎಂದು ಮಂಚ ತೋರಿಸಿದರು.

ಎರಡು ಭಾಷೆಗಳ ನಡುವೆ ಬದುಕುವವರಿಗೆ ಇಂಥಲ್ಲಿ ಒಂದು ಬೆಳಕು ಕಾಣುವುದುಂಟು. ಹಳಗನ್ನಡದ ಪೇಡಿಯೇ ಇಂದಿನ ಹೇಡಿ. ಆ ಮಾತಿನಲ್ಲಿ ನಿಂದೆಯಿದೆ. ಮಲಯಾಳದ ಪೇಡಿ ಎಂದರೆ ಬರಿಯ ಭಯ. ಹಸಿವು, ಬಾಯಾರಿಕೆಗಳಂತೆ ಅದನ್ನು ನಾಚದೆ ಹೇಳಿಕೊಳ್ಳಬಹುದು. ಇಷ್ಟು ವರ್ಷ ಟೀಚರು ತಮ್ಮ ಪೇಡಿಯನ್ನು ಹೇಡಿತನವೆಂದೇ ಎಣಿಸಿ ಬಚ್ಚಿಟ್ಟಿದ್ದರು. ಕಾಲುಗಳನ್ನು ಬಿಗಿಹಿಡಿದು, ಚಾವಣಿಯ ಫ್ಯಾನಿನತ್ತ ನೋಡುತ್ತಿದ್ದಂತೆ, ತೋಳಿನ ಚರ್ಮದಡಿಗೆ ಅರ್ಧ ಮಿಲಿಲೀಟರ್ ಮದ್ದು ಇಳಿಯಿತು. ನೋವಾಯಿತು. ಕಣ್ಣು ಕತ್ತಲಿಡಲಿಲ್ಲ. ಅರ್ಧ ಗಂಟೆ ಕುಳಿತು, ಹಳದಿ ಬಣ್ಣದ ಪುಟ್ಟ ಪುಸ್ತಿಕೆಯನ್ನು ಪಡೆದು ಹೊರಬಂದರು. 2016ರ ಜುಲೈಯಿಂದ ಈ ಪತ್ರಕ್ಕೆ ಜೀವನಪೂರ್ತಿ ಮಾನ್ಯತೆಯಿದೆ.

ಕಂಪಾಲದಲ್ಲಿ ಮೊಮ್ಮಗ ಹುಟ್ಟಿದಾಗ ಮೊದಲ ಚುಚ್ಚುಮದ್ದಿಗೆ, ಅಂದರೆ ಬಿಸಿಜಿಗೆ, ಅವನನ್ನು ಎತ್ತಿ ಹಿಡಿದವರು ಅಜ್ಜಿಯೇ. ಕುರ್ಚಿಯಲ್ಲಿ ಗಟ್ಟಿಯಾಗಿ ಕುಳಿತು, ಪಾದಗಳನ್ನು ನೆಲಕ್ಕೊತ್ತಿ ಹಿಡಿದಿದ್ದರು. ಸೂಜಿಯನ್ನು ಆಗಲೂ ನೋಡಲಿಲ್ಲ.

ಊರಿಗೆ ಮರಳಿದ ಮೇಲೆ ಶಾಲೆಯಲ್ಲಿ ಚುಚ್ಚುಮದ್ದಿನ ದಿನ ಬಂದಾಗ ಇರುವೆಯ ಮಾತು ಕೇಳಿಸಲಿಲ್ಲ. "ಸ್ವಲ್ಪ ನೋಯುತ್ತದೆ, ಹತ್ತು ಎಣಿಸುವುದರೊಳಗೆ ಮುಗಿಯುತ್ತದೆ. ತಲೆ ತಿರುಗುವವರು ಮೊದಲೇ ಹೇಳಿ, ಮಲಗಿಸುತ್ತೇವೆ" ಎಂದು ಟೀಚರು ತರಗತಿಯಲ್ಲಿ ತಿಳಿಸಿದರು. ಮೂವರು ಕೈಯೆತ್ತಿದರು. ಉಳಿದವರಲ್ಲಿ ಯಾರೂ ನಗಲಿಲ್ಲ. ಪಕ್ಕದ ಕೋಣೆಯಲ್ಲಿ ಎರಡು ಬೆಂಚುಗಳನ್ನು ಜೋಡಿಸಿ ಮೇಲೊಂದು ಚಾಪೆ ಹಾಸಲಾಯಿತು.